ಸಾಗುವ ದಾರಿಯಲ್ಲೇ ಸಫಾರಿ

ಪ್ರವಾಸಿಗರು ಊರಿಂದೂರಿಗೆ ಸಾಗುವ ದಿನವನ್ನು ವ್ಯರ್ಥವೆಂದೆಣಿಸುವುದು ರೂಢಿ. ಶ್ರೀಲಂಕಾದ ಬಾಡಿಗೆ ಕಾರು ಉದ್ಯಮಿಗಳು ಈ ಲೆಕ್ಕವನ್ನು ತಿದ್ದಿದ್ದಾರೆ. ಬೆಟ್ಟಸೀಮೆಯ ಎಲ್ಲ ಎಂಬ ಊರಿನಿಂದ ದಕ್ಷಿಣ ಕರಾವಳಿಯ ಮಿರಿಸ್ಸಕ್ಕೆ ತೆರಳುವವರನ್ನು ಅವರು ನಡುವೆ ಉಡವಲವೆ ರಾಷ್ಟ್ರೀಯ ಉದ್ಯಾನದಲ್ಲಿ ಇಳಿಸುತ್ತಾರೆ. 1972ರಲ್ಲಿ ಘೋಷಿತವಾದ, ಸುಮಾರು 308 ಚದರ ಕಿ.ಮೀ. ವಿಸ್ತಾರದ ಈ ಕಾಡಿನಲ್ಲಿ ಆನೆಗಳು ವರ್ಷವಿಡೀ ಕಾಣಸಿಗುತ್ತವೆ. ಸಾಮಾನು ಕಾರಿನಲ್ಲೇ ಉಳಿಯುತ್ತದೆ. ಪ್ರವಾಸಿಗರು ಸ್ಥಳೀಯ ಜೀಪನ್ನೇರುತ್ತಾರೆ. ಕಾರಿನವನಿಗೂ, ಜೀಪಿನವನಿಗೂ, ದಾರಿಬದಿಯ ಉಪಾಹಾರಗೃಹಕ್ಕೂ ಒಂದೇ ಪ್ರಯಾಣದಿಂದ ಸಂಪಾದನೆ.

ಆದರೆ ಇಲ್ಲಿ ಮಾರಾಟವಾಗುವ ನಿಜವಾದ ಸರಕು ಸಮಯ. ಹೊರಡುವುದು ತಡವಾದರೆ ಸಫಾರಿ ಕೈತಪ್ಪುತ್ತದೆ; ಆ ನಷ್ಟ ತುಂಬಲು ವೇಗ ಹೆಚ್ಚಿಸಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಚಾಲಕನ ವಿಶ್ರಾಂತಿಯನ್ನೂ ವೇಳಾಪಟ್ಟಿಯಲ್ಲಿ ಸೇರಿಸತಕ್ಕದ್ದು. ಪ್ರವೇಶಶುಲ್ಕ, ಜೀಪು ಬಾಡಿಗೆಗಳನ್ನು ಮುಂಗಡವಾಗಿಯೇ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಪ್ರಾಣಿದರ್ಶನದ ಭರವಸೆಯನ್ನಂತೂ ಯಾರೂ ಮಾರಬಾರದು.

ಮೈಸೂರು–ಊಟಿ ಮಾರ್ಗದ ವಾಹನೋದ್ಯಮಿಗಳಿಗೂ ಈ ಪಾಠ ಸಲ್ಲುತ್ತದೆ. ಬಂಡೀಪುರದಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ ಸಂಚಾರ ನಿರ್ಬಂಧವನ್ನು ಅಡ್ಡಿಯೆಂದು ಹಳಿಯದೆ, ಹಗಲಿನ ಪ್ರಯಾಣಕ್ಕೇ ಮೌಲ್ಯ ಕೂಡಿಸುವುದು ಜಾಣತನ. ಕಾಡೇ ಈ ವ್ಯವಹಾರದ ಬಂಡವಾಳ. ಅದನ್ನು ಕರಗಿಸಿ ಲಾಭ ಗಳಿಸಿದ ವರ್ತಕನಿಲ್ಲ.