ಏಕಾಂಗಿಯ ಅಡುಗೆ ಮತ್ತು ಪ್ರಸಾದದ ಅಳತೆ

ಬಸವಾದಿ ಶರಣರ ವಚನಗಳಲ್ಲಿ ಅನ್ನದ ಮಾತು ಬಂದಾಗಲೆಲ್ಲ ನಮ್ಮ ಕಣ್ಣಮುಂದೆ ನಿಲ್ಲುವುದು ದಾಸೋಹದ ಪಂಕ್ತಿ. ಕಲ್ಯಾಣದ ಮಹಾಮನೆಯಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಇದ್ದರೆಂದು ಪುರಾಣಕಾರರು ಕೊಂಡಾಡಿದ್ದಾರೆ. ನಮ್ಮ ಭಾಗದ ಕಲಬುರಗಿಯ ಶರಣಬಸವೇಶ್ವರರು (1746–1822) ಮಹಾದಾಸೋಹಿ ಎಂಬ ಹೆಸರಿನಿಂದಲೇ ಪೂಜ್ಯರಾದರು. ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಒಲೆ ಸಾವಿರಾರು ಮಕ್ಕಳ ಹಸಿವನ್ನು ದಿನಂಪ್ರತಿ ತಣಿಸಿತು. ಇವೆಲ್ಲ ದೊಡ್ಡ ಹಂಡೆಯ ಮಾತುಗಳು. ಇವನ್ನು ಕುರಿತು ಪ್ರವಚನಗಳು ಸಾಕಷ್ಟು ನಡೆದಿವೆ. ಆದರೆ ಒಂದೇ ತಟ್ಟೆ, ಒಂದೇ ಲೋಟ ಇರುವ ಮನೆಯಲ್ಲಿ ಪ್ರಸಾದತತ್ತ್ವದ ಗತಿಯೇನು? ಈ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಕೇಳಿಕೊಳ್ಳಲೇಬೇಕಾದ ಕಾಲ ಬಂದಿದೆ. ಚಿಂಚೋಳಿ ತಾಲೂಕಿನ ಐನಾಪುರವನ್ನೇ ನೋಡಿರಿ. (ಕಾಗವಾಡ ತಾಲೂಕಿನಲ್ಲಿಯೂ ಒಂದು ಐನಾಪುರವುಂಟು, ಇಲ್ಲಿ ಹೇಳುತ್ತಿರುವುದು ಕಲಬುರಗಿ ಜಿಲ್ಲೆಯ ಐನಾಪುರವನ್ನು.) ಇಲ್ಲಿಂದ ದುಡಿಯುವ ವಯಸ್ಸಿನವರು ಹೈದರಾಬಾದಿಗೆ, ಮುಂಬಯಿಗೆ, ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ಹಿಂದೆ ಉಳಿಯುವವರು ವೃದ್ಧ ತಂದೆತಾಯಿಗಳು; ಅವರಲ್ಲಿ ಒಬ್ಬರು ಲಿಂಗೈಕ್ಯರಾದರೆ ಮತ್ತೊಬ್ಬರು ಒಂಟಿ. ಹತ್ತು ಜನರಿಗೆ ರೊಟ್ಟಿ ಬಡಿದ ಕೈ ಒಬ್ಬರಿಗಾಗಿ ಹಿಟ್ಟು ಕಲಸಲು ಹಿಂಜರಿಯುತ್ತದೆ. ಅಂಥ ತಾಯಂದಿರನ್ನು ಊಟವಾಯಿತೇ ಎಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: “ಒಬ್ಬಾಕಿ ಹೊಟ್ಟಿಗಿ ಏನ್ ಒಲಿ ಹಚ್ಚೋದದ್ರಿ? ಒಂದ್ ರೊಟ್ಟಿಗಿ ಖಾರ ಹಚ್ಕೊಂಡು ತಿಂದ್ರಾ ಆಯ್ತು.”

ಈ ಮಾತಿನಲ್ಲಿ ವೈರಾಗ್ಯವಿದೆಯೆಂದು ಕೆಲವರು ಮೆಚ್ಚುತ್ತಾರೆ. ನಾವು ಮೆಚ್ಚಲಾರೆವು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಗಡಿಯಾಚೆಯ ತಾಂಡೂರಿನ ತೊಗರಿಗೂ 2022ರಲ್ಲಿ ದೊರೆಯಿತು. ಈ ಎರಡು ತೊಗರಿ ಸೀಮೆಗಳ ನಡುವೆ ಕುಳಿತ ಊರಿನಲ್ಲಿ, ಜೀವಮಾನವಿಡೀ ತೊಗರಿ ಬಿತ್ತಿ, ಕೊಯ್ದು, ಬಡಿದ ತಾಯಿಯ ತಟ್ಟೆಯಲ್ಲಿ ಒಂದು ಹಿಡಿ ಬೇಳೆ ಇಲ್ಲವೆಂದರೆ ಅದನ್ನು ವೈರಾಗ್ಯವೆನ್ನಬೇಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು 2000 ಕ್ಯಾಲೊರಿಯ ದಿನದ ಊಟದಲ್ಲಿ 250 ಗ್ರಾಂ ಧಾನ್ಯವಿದ್ದರೆ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು ಇರಬೇಕೆನ್ನುತ್ತದೆ. ಸಸ್ಯಾಹಾರಿಗೆ ದೇಹದ ಕಸುವು ಬರುವುದು ಮುಖ್ಯವಾಗಿ ಬೇಳೆ, ಕಾಳು, ಹಾಲು, ಮೊಸರುಗಳಿಂದಲೇ. ರೊಟ್ಟಿ-ಖಾರದಿಂದ ಹೊಟ್ಟೆ ತುಂಬೀತು. ಆದರೆ ವಯಸ್ಸಾದ ಕಾಲಿನಲ್ಲಿ ಶಕ್ತಿ ನಿಲ್ಲಲಾರದು.

ಇನ್ನು ತತ್ತ್ವದ ಮಾತು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್ಸ್ಥಲಗಳಲ್ಲಿ ಮೂರನೆಯದೇ ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿಸದೆ ಸ್ವೀಕರಿಸುವುದಿಲ್ಲವೆಂಬುದು ಶರಣರ ವ್ರತ. ಹಾಗಾದರೆ ಇಷ್ಟಲಿಂಗಧಾರಿಯಾದವರು ಒಬ್ಬರಿಗಾಗಿ ಅಡುಗೆ ಮಾಡುವುದು ಸಾಧ್ಯವೇ ಇಲ್ಲ. ಮನೆಯಲ್ಲಿ ಮತ್ತಾರೂ ಇಲ್ಲದಿದ್ದರೂ ಕರಸ್ಥಲದಲ್ಲಿ ಲಿಂಗವಿದೆ. ‘ನನಗೊಬ್ಬಳಿಗೇತಕ್ಕೆ’ ಎಂದು ಒಲೆ ಹಚ್ಚದಿರುವ ತಾಯಿ ತನ್ನನ್ನು ಮಾತ್ರ ಉಪವಾಸ ಕೆಡವುತ್ತಿದ್ದೇನೆಂದು ತಿಳಿದಿದ್ದಾಳೆ. ಅರ್ಪಿತಕ್ಕೂ ಅಂದು ಲೋಪವಾಯಿತೆಂಬುದು ಆಕೆಯ ಗಮನಕ್ಕೆ ಬಂದಿಲ್ಲ. ಬಡತನದ ಊಟ ಹೀನವೆಂದು ಇದರ ಅರ್ಥವಲ್ಲ. ಮೋಳಿಗೆ ಮಾರಯ್ಯನವರು ಕಟ್ಟಿಗೆ ಮಾರಿ ಬಂದುದರಲ್ಲಿ ಕಾಯಿಸಿದ ಅಂಬಲಿಯನ್ನು ಬಸವಣ್ಣನವರೇ ಮರೆಯಲ್ಲಿ ಬಂದು ಸವಿದರೆಂಬ ಕಥೆ ನಮ್ಮಲ್ಲಿ ಪ್ರಸಿದ್ಧ. ಅಂಬಲಿಯೇ ಇರುವಲ್ಲಿ ಅಂಬಲಿ ಶ್ರೇಷ್ಠ. ಕಣಜದಲ್ಲಿ ಬೇಳೆಯಿದ್ದೂ ಖಾರವೇ ಸಾಕೆಂಬುದು ಉಪೇಕ್ಷೆ.

‘ಅಕ್ಕಮಹಾದೇವಿ ಒಂಟಿಯಾಗಿ ಹೊರಟಾಗ ಅಡುಗೆಯ ಗೊಡವೆಗೆ ಹೋದಳೇ?’ ಎಂದು ಕೇಳುವವರಿದ್ದಾರೆ. ಅಕ್ಕ ಊರಿನ ಭಿಕ್ಷೆಯನ್ನು ನೆಚ್ಚಿ ನಡೆದವಳು. ಆಕೆಯ ಹಸಿವಿನ ಹೊಣೆಯನ್ನು ಊರು ಹೊತ್ತಿತ್ತು. ಬಾಗಿಲು ಹಾಕಿಕೊಂಡು ಒಂಟಿಯಾಗಿರುವ ಇಂದಿನ ಗೃಹಸ್ಥರ ಹೊಣೆಯನ್ನು ಯಾರು ಹೊತ್ತಿದ್ದಾರೆ?

ಒಬ್ಬರ ಅಡುಗೆಯಲ್ಲಿ ಕಷ್ಟವಿಲ್ಲವೆಂದು ನಾವು ಹೇಳುತ್ತಿಲ್ಲ. ಮುಖ್ಯ ಕಷ್ಟ ಅಳತೆಯದು. ನಾಲ್ವರ ಸಾರಿಗೆ ಬೇಕಾಗುವ ಉರಿಗಿಂತ ಒಬ್ಬರ ಸಾರಿನ ಉರಿ ಹೆಚ್ಚೇನೂ ಕಡಿಮೆಯಾಗದು. ಹೆಚ್ಚು ಮಾಡಿಟ್ಟರೆ ಉಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಬೇಯಿಸಿದ ಬೇಳೆ ಸಂಜೆಗೆ ಹುಳಿಯಾಗುತ್ತದೆ. ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಸಂಪ್ರದಾಯದವರು ನಾವು. ಚೆಲ್ಲಲು ಮನಸ್ಸು ಬಾರದು. ಹಳಸಿದ್ದನ್ನು ಉಂಡು ಹೊಟ್ಟೆ ಕೆಡಿಸಿಕೊಳ್ಳುವ ಹಿರಿಯರು ಎಷ್ಟಿಲ್ಲ! ಪ್ರಸಾದಕ್ಕೆ ಮರ್ಯಾದೆ ಸಲ್ಲಬೇಕಾದದ್ದು ತಟ್ಟೆ ತೊಳೆಯುವಾಗಲ್ಲ, ಮೊರಕ್ಕೆ ಬೇಳೆ ಸುರಿಯುವಾಗ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಇಂದಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿ ಹಿಂದಕ್ಕೆ ಕಳುಹಿಸಿದರು. ಇದನ್ನು ನಾವು ಅತ್ಯಾಶೆಯ ಖಂಡನೆಯೆಂದು ಮಾತ್ರ ವಿವರಿಸುತ್ತ ಬಂದಿದ್ದೇವೆ. ಇನ್ನೊಂದು ಮುಖವನ್ನೂ ಗಮನಿಸಿರಿ: ಇಂದಿನ ಅಡುಗೆಗೆ ಎಷ್ಟು ಅಕ್ಕಿ ಬೇಕೆಂಬುದು ಆಕೆಗೆ ಖಚಿತವಾಗಿ ಗೊತ್ತಿತ್ತು. ಕೈಯಲ್ಲಿ ಹಿಡಿದ ಕೂಡಲೇ ಇದು ಹೆಚ್ಚು ಎಂದು ತಿಳಿಯಿತು. ಆ ಕೈಯಳತೆ ಒಂದು ಸಾಧನೆ. ಹತ್ತು ಜನರ ಅಡುಗೆಯಲ್ಲಿ ಒಂದು ಹಿಡಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ, ಒಬ್ಬರ ಅಡುಗೆಯಲ್ಲಿ ಮುಚ್ಚಿಹೋಗದು.

ನಮ್ಮ ಸೀಮೆಯ ಅಡುಗೆಯಾದರೋ ಒಂಟಿಯವರಿಗೆಂದೇ ಹುಟ್ಟಿದಂತಿದೆ. ಖಡಕ್ ರೊಟ್ಟಿಯನ್ನು ವಾರದಲ್ಲಿ ಒಂದು ದಿನ ಸುಟ್ಟಿಟ್ಟರೆ ದಿನಗಟ್ಟಲೆ ಕೆಡದು. (ಅದು ತಂಗಳಲ್ಲವೇ ಎಂದು ಒಬ್ಬರು ಭಕ್ತರು ಕೇಳಿದ್ದರು. ನೀರಿನಂಶವೆಲ್ಲ ಆರಿದ ರೊಟ್ಟಿಗೆ ತಂಗಳೆಂಬ ದೋಷ ಅಂಟದೆಂಬುದು ನಮ್ಮ ಅಭಿಪ್ರಾಯ.) ಬಡಿಯಲು ತೋಳಿನಲ್ಲಿ ಬಲವಿಲ್ಲದವರಿಗೆ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳೇ ಮಾಡಿ ಮಾರುತ್ತಿವೆ, ಕೊಂಡುಕೊಳ್ಳಲು ಸಂಕೋಚ ಬೇಡ, ಅದೂ ತಾಯಂದಿರ ಕಾಯಕವೇ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳು ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತವೆ. ಕಡಲೆಹಿಟ್ಟಿದ್ದರೆ ಹಿಟ್ಟಿನ ಪಲ್ಯಕ್ಕೆ ಹತ್ತು ನಿಮಿಷ ಸಾಕು. ರಾತ್ರಿ ಒಂದು ಹಿಡಿ ಹೆಸರುಕಾಳನ್ನೋ ಮಡಕಿಕಾಳನ್ನೋ ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಮೊಳಕೆಯೊಡೆಯುತ್ತದೆ. ಇನ್ನು ಬೇಳೆ: ಹಿಡಿ ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಎರಡು ಲೀಟರಿನ ಸಣ್ಣ ಕುಕ್ಕರಿನಲ್ಲಿ ಪುಂಡಿಸೊಪ್ಪಿನ ಜೊತೆಗೇ ಬೇಯಿಸಿದರೆ ಒಂದೇ ಉರಿಯಲ್ಲಿ ಬೇಳೆಯೂ ಪಲ್ಯವೂ ಆಯಿತು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಎರಡು ರೊಟ್ಟಿ, ಒಂದು ಬಟ್ಟಲು ಮೊಸರಿಟ್ಟುಕೊಂಡರೆ ಲಿಂಗಾರ್ಪಿತಕ್ಕೆ ಇನ್ನೇನು ಬೇಕು?

ಇದುವರೆಗೆ ತಾಯಂದಿರ ಮಾತಾಯಿತು. ಪತ್ನಿಯನ್ನು ಕಳೆದುಕೊಂಡ ಗಂಡಸರ ಪಾಡು ಇದಕ್ಕಿಂತ ಕಡೆ. ಎಪ್ಪತ್ತು ವರ್ಷ ಎಡೆಯ ಮುಂದೆ ಕುಳಿತದ್ದೇ ಹೊರತು ಒಲೆಯ ಮುಂದೆ ಕುಳಿತವರಲ್ಲ. ಹೋಟೆಲಿನ ಸುಸಲಾ, ಭಜಿ, ಚಹಾಗಳಲ್ಲಿ ಅವರ ದಿನ ಕಳೆಯುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ರೊಟ್ಟಿ ಬಡಿಯುವ ಕಾಯಕವನ್ನು ಮಾತ್ರ ಹೆಣ್ಣುಮಕ್ಕಳಿಗೆ ಬರೆದುಕೊಟ್ಟಿದ್ದೇವೆ. ಮಠಗಳ ದಾಸೋಹದ ಮನೆಗಳಲ್ಲಿ ಹಂಡೆ ಇಳಿಸುವವರು ಗಂಡಸರೇ. ಅದೇ ಗಂಡಸರು ಮನೆಯಲ್ಲಿ ಸೌಟು ಮುಟ್ಟರು. ಗಂಡುಮಕ್ಕಳಿಗೆ ಹತ್ತನೆಯ ವಯಸ್ಸಿನಲ್ಲಿಯೇ ಹಿಟ್ಟು ನಾದುವುದನ್ನು ಕಲಿಸಬೇಕು. ನಾಳೆ ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಓದಲು ನಿಂತಾಗಲೂ ಅದೇ ವಿದ್ಯೆ ಅವರನ್ನು ಕಾಯುತ್ತದೆ.

ಸದ್ಭಕ್ತರಲ್ಲಿ ಮತ್ತೊಂದು ಅರಿಕೆ. ಜಾತ್ರೆಯ ದಾಸೋಹಕ್ಕೆ ಚೀಲಗಟ್ಟಲೆ ತೊಗರಿಬೇಳೆ ಕೊಟ್ಟು ಹೆಸರು ಓದಿಸುವ ಮನೆಗಳ ಗೋಡೆಗೆ ಗೋಡೆ ತಾಗಿಯೇ ಒಂಟಿ ತಾಯಿ ಖಾರ ಹಚ್ಚಿದ ರೊಟ್ಟಿ ತಿನ್ನುತ್ತಿರುವುದುಂಟು. ಕಾಗೆಯು ತನ್ನ ಬಳಗವನ್ನು ಕರೆಯುವ ದೃಷ್ಟಾಂತವನ್ನು ಬಸವಣ್ಣನವರು ಕೊಟ್ಟದ್ದು ವರ್ಷಕ್ಕೊಂದು ದಿನದ ಸಲುವಾಗಿ ಅಲ್ಲ. ಆಕೆಗೆ ಅನ್ನದಾನ ಮಾಡಿರೆಂದು ನಾವು ಹೇಳುತ್ತಿಲ್ಲ. ಬಹಳ ಜನರಿಗೆ ಅದರಿಂದ ಅಭಿಮಾನಭಂಗವಾಗುತ್ತದೆ. ಒಂದೇ ಓಣಿಯಲ್ಲಿ ಇಬ್ಬರು ಒಂಟಿ ತಾಯಂದಿರಿದ್ದರೆ ಸೋಮವಾರ ಒಬ್ಬರು ಬೇಳೆ ಬೇಯಿಸಲಿ, ಮಂಗಳವಾರ ಮತ್ತೊಬ್ಬರು ಪಲ್ಯ ಮಾಡಲಿ. ಬಟ್ಟಲು ಗೋಡೆ ದಾಟಲಿ. ನಮ್ಮಲ್ಲಿ ಕೊಟ್ಟ ಬಟ್ಟಲನ್ನು ಬರಿದಾಗಿ ಮರಳಿಸುವ ರೂಢಿಯಿಲ್ಲ. ಇಷ್ಟು ಪುಟಾಣಿಯಾದರೂ, ನಾಲ್ಕು ಹಸಿಮೆಣಸಿನಕಾಯಿಯಾದರೂ ಅದರಲ್ಲಿ ಬರುತ್ತದೆ. ಇಬ್ಬರಿಗೆಂದರೆ ಬೇಳೆಯ ಅಳತೆಯೂ ಸುಲಭ: ಎರಡು ಹಿಡಿ, ಕುಕ್ಕರಿಗೂ ಅಷ್ಟಾದರೆ ಸರಿಹೋಗುತ್ತದೆ.