ಚಿತ್ರದ ಕೆಳಗೊಂದು ಸಾಲು

ಮುಂಬಯಿಯ ‘ಫೋರ್ಟ್’ ಎಂಬ ಹೆಸರು ನಮ್ಮೆಲ್ಲರ ನಾಲಗೆಯ ಮೇಲಿದೆ. ಕೋಟೆಯನ್ನು ಕಂಡವರು ವಿರಳ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಅದರ ಗೋಡೆಗಳನ್ನು ಕೆಡವಿಸಿದ. ಸೇಂಟ್ ಜಾರ್ಜ್ ಆಸ್ಪತ್ರೆಯ ಬಳಿ ಅದರದೊಂದು ತುಣುಕು ಉಳಿದಿದೆ. ರಜಾದಿನದ ಮುಂಜಾನೆ ಕ್ಯಾಮೆರಾ ಹಿಡಿದು ಇಂಥ ಮೂಲೆಗಳನ್ನು ಅರಸುವ ತರುಣರ ಹವ್ಯಾಸ ಮೆಚ್ಚತಕ್ಕದ್ದೇ.

ಆದರೆ ಅವರು ಹಂಚಿಕೊಳ್ಳುವ ಚಿತ್ರಗಳಲ್ಲಿ ಪಾಚಿಗಟ್ಟಿದ ಕಲ್ಲು, ಸವೆದ ಮರದ ಮೆಟ್ಟಿಲು ಕಾಣುತ್ತವೆಯೇ ಹೊರತು ಓಣಿಯ ಹೆಸರಾಗಲಿ, ತೆಗೆದ ವರ್ಷವಾಗಲಿ ಇರುವುದಿಲ್ಲ. ಒಳ್ಳೆಯ ಚಿತ್ರಕ್ಕೆ ಮಾತು ಬೇಡವೆಂಬುದು ಕೆಲವರ ವಾದ. ಕಲೆಯ ಮಟ್ಟಿಗೆ ಅದು ಸರಿಯಿರಬಹುದು. ಕಟ್ಟಡವೇ ಇಲ್ಲವಾದ ದಿನ ಹೆಸರಿಲ್ಲದ ಚಿತ್ರ ಯಾವುದಕ್ಕೂ ಸಾಕ್ಷಿಯಾಗದು.

ಓವಲ್ ಮೈದಾನದ ಸುತ್ತಲಿನ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ಕಾಯುವವರಿದ್ದಾರೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಕರಾವಳಿಯ ಹುಡುಗರು ಇರುಳಿನಲ್ಲಿ ಪಾಠ ಕಲಿತ ಫೋರ್ಟಿನ ಕನ್ನಡ ರಾತ್ರಿಶಾಲೆಗಳನ್ನು ನೆನಪಿಡಬೇಕಾದವರು ನಾವೇ. ಮಾಟುಂಗದಲ್ಲಿ 1926ರಿಂದ ನಡೆದುಬಂದ ಮೈಸೂರು ಅಸೋಸಿಯೇಷನ್‌ಗೆ ತನ್ನದೇ ನೆಲೆಯಿದೆ. ರಾತ್ರಿಶಾಲೆ ನಡೆದ ಕೋಣೆಗಳ ಗುರುತು ಅಲ್ಲಿ ಓದಿದ ಹಿರಿಯರ ನೆನಪಿನಲ್ಲಷ್ಟೇ ಇದೆ.

ಆದ್ದರಿಂದ ತರುಣ ಮಿತ್ರರಲ್ಲಿ ವಿನಂತಿ: ಅಂಥ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೀವು ‘ಗುಪ್ತ ಮೂಲೆ’ ಎನ್ನುವ ಚಾಳಿನ ಪಡಸಾಲೆ ಮತ್ತೊಬ್ಬರ ಮನೆಯಂಗಳ. ಅನುಮತಿ ಕೇಳಿಯೇ ಕ್ಯಾಮೆರಾ ಎತ್ತಿರಿ. ಬಳಿಕ ಸ್ಥಳ, ದಿನಾಂಕ, ಅಲ್ಲಿ ನಡೆದ ಶಾಲೆಯ ಹೆಸರು, ಇಷ್ಟನ್ನಾದರೂ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದಿಡಿ.