ನೀರಲ್ಲಿ ಲೋಹ: ಬಂದದ್ದು ಎಲ್ಲಿಂದ?

ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳವರು ಕೆಮಿಕಲ್ ಕಾರ್ಖಾನೆಗಳ ವಾಸನೆ, ತ್ಯಾಜ್ಯ ನೀರಿನ ಬಗ್ಗೆ ಹಲವು ಸಲ ದನಿ ಎತ್ತಿದ್ದಾರೆ. ವಾಸನೆ ಮೂಗಿಗೆ ಗೊತ್ತಾಗುತ್ತೆ. ಆದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ನೀರಲ್ಲಿದ್ದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದ್ದರೂ, ಅದು ಯಾರದು ಅನ್ನೋದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆ ಯಾಕೆ ಮುಖ್ಯ ಅಂದ್ರೆ, ನಮ್ಮ ಜಿಲ್ಲೆಯಲ್ಲೇ ಎರಡೂ ಸಾಧ್ಯತೆ ಇದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಜನ ಆರ್ಸೆನಿಕ್‌ನಿಂದ ಚರ್ಮದ ಕಾಯಿಲೆ ಅನುಭವಿಸಿದರು. ಅಧ್ಯಯನಗಳು ಬೊಟ್ಟು ಮಾಡಿದ್ದು ಅಲ್ಲಿನ ಮಂಗಳೂರು ಶಿಲಾವಲಯದ ಕಡೆಗೆ, ಅಂದರೆ ಹಳೇ ಚಿನ್ನದ ಗಣಿಯ ಸೀಮೆಗೆ. ಅತ್ತ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ. ನಾಳೆ ಕಡೇಚೂರಿನ ಬೋರ್‌ವೆಲ್‌ನಲ್ಲಿ ಲೋಹ ಸಿಕ್ಕರೆ, "ಇದು ಕಲ್ಲಿನದು" ಅಂತ ಒಬ್ಬರು, "ಕಾರ್ಖಾನೆಯದು" ಅಂತ ಇನ್ನೊಬ್ಬರು. ಲೆಕ್ಕ ಇಲ್ಲದಿದ್ದರೆ ಸೋಲೋದು ನೀರು ಕುಡಿಯುವವರೇ.

ಮೂಲ ಹಿಡಿಯುವ ದಾರಿ ಇದೆ. ಹಳ್ಳದ ಮೇಲ್ಭಾಗ, ಕೆಳಭಾಗ ಎರಡೂ ಕಡೆ ನೀರಿನ ಜೊತೆ ಹೂಳನ್ನೂ ತೆಗೆಯಬೇಕು. ನೀರು ಹರಿದು ಹೋಗುತ್ತೆ, ಲೋಹ ಹೂಳಿಗೆ ಅಂಟಿಕೊಂಡು ಉಳಿಯುತ್ತೆ. ಯಾವ ಲೋಹದ ಜೊತೆ ಯಾವುದಿದೆ ಅಂತಲೂ ನೋಡಬೇಕು: ಕ್ರೋಮಿಯಂ ಜೊತೆ ನಿಕ್ಕಲ್ ಇದ್ದರೆ ಪ್ಲೇಟಿಂಗ್ ಮೇಲೆ ಅನುಮಾನ. ಸತು ಟೈರಿನಿಂದಲೂ ತಾಮ್ರ ಬ್ರೇಕ್‌ನಿಂದಲೂ ಬರಬಹುದು. ಸೀಸಕ್ಕಂತೂ ಐಸೋಟೋಪ್‌ಗಳ ಅನುಪಾತ ಬೆರಳಚ್ಚಿನಂತೆ. ಅದಿರಿನಿಂದ ಅದಿರಿಗೆ ಅದು ಬೇರೆ, ಕಾರ್ಖಾನೆಯಲ್ಲಿ ಕರಗಿಸಿದರೂ ಹೆಚ್ಚುಕಮ್ಮಿ ಹಾಗೇ ಇರುತ್ತೆ.

ಈಗ ನಮ್ಮ ಕಡೆ ಬರೋಣ. ಪ್ರತಿ ವರ್ಷ ಫೈನಲ್ ಇಯರ್‌ನಲ್ಲಿ "ಸ್ಮಾರ್ಟ್ ವಾಟರ್ ಮಾನಿಟರಿಂಗ್" ಪ್ರಾಜೆಕ್ಟ್ ಬಂದೇ ಬರುತ್ತೆ. ಒಂದು ಟಿಡಿಎಸ್ ಸೆನ್ಸರ್, ಒಂದು ಪಿಎಚ್ ಸೆನ್ಸರ್, ಮೊಬೈಲ್‌ನಲ್ಲಿ ಹಸಿರು ದೀಪ. ಕುಡಿಯುವ ನೀರಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಇರಬಹುದು ಅನ್ನುತ್ತೆ ಭಾರತೀಯ ಮಾನಕ. ಸೀಸದ ಮಿತಿ 0.01, ಕ್ಯಾಡ್ಮಿಯಂ ಮಿತಿ 0.003. ಐನೂರರ ಲೆಕ್ಕದಲ್ಲಿ ಇಷ್ಟು ಚಿಕ್ಕದು ಕಾಣೋದೇ ಇಲ್ಲ. ಆ ಹಸಿರು ದೀಪ ಜನರಿಗೆ ಸುಳ್ಳು ಧೈರ್ಯ ಕೊಡುತ್ತೆ, ಅಷ್ಟೇ.

ಅದರ ಬದಲು ಸಿವಿಲ್, ಕೆಮಿಕಲ್, ಕಂಪ್ಯೂಟರ್ ಸೈನ್ಸ್‌ನವರು ಸೇರಿ ಒಂದು ನಕ್ಷೆ ಮಾಡಬಹುದು. ಆಸಿಡ್‌ನಲ್ಲಿ ತೊಳೆದ ಬಾಟಲಿ, ಮಾದರಿಗೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ, ಜಾಗದ ಜಿಪಿಎಸ್, ದಿನಾಂಕ, ಮಾನ್ಯತೆ ಪಡೆದ ಲ್ಯಾಬ್. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ. ಹೂಳೆತ್ತದ ಕೆರೆ ಸಿಕ್ಕರೆ ಇನ್ನೂ ಒಳ್ಳೇದು: ತಳದ ಪದರ ಕಾರ್ಖಾನೆಗಿಂತ ಹಿಂದಿನ ಕಾಲದ್ದು, ಮೇಲಿನದು ಈಚಿನದು. ಎರಡನ್ನೂ ಹೋಲಿಸಿದರೆ ಕಲ್ಲಿನ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಅಂತ ಅಂದಾಜಾಗುತ್ತೆ.

ಲ್ಯಾಬ್ ಖರ್ಚು ಕಾಲೇಜು ಕೊಡಲಿ, ಫಲಿತಾಂಶ ಏನೇ ಬರಲಿ ಗ್ರಾಮ ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಅಂಟಿಸೋಣ. ಕಾರ್ಖಾನೆ ತಪ್ಪಿಲ್ಲ ಅಂತ ಬಂದರೂ ಅಂಟಿಸಬೇಕು. ಆಗಲೇ, ತಪ್ಪಿದೆ ಅಂತ ಬಂದ ದಿನ ನಮ್ಮ ಮಾತನ್ನ ಜನ ನಂಬೋದು.